ಬನ್ನಿಗಿಡದ ಕ್ರಾಸಿಗೆ ಬಸ್ಸು

೪ ಜನೇವರಿ ೨೦೨೫, ಶನಿವಾರ

ಅರವತ್ತೆಂಟನೇ ವರ್ಷಕ್ಕ ನನ್ನ ಕೈಯಾಗ ಪೆನ್ನು ಕೊಟ್ಟು ಕೂಡ್ರಿಸ್ಯಾರ. ನಾ ಏನು ಲೆಕ್ಕಾ ಬರಿಯೂ ತಲಾಟಿ ಅಲ್ಲ, ರೊಟ್ಟಿ ಬಡಿಯಾಕಿ. ಮೂರನೇ ಇಯತ್ತೆ ಮುಗಿಯೂದ್ರೊಳಗ ನಮ್ಮಪ್ಪ ಸಾಲಿ ಬಿಡಿಸಿ ಎಮ್ಮಿ ಹಿಂದ ಕಳಿಸಿದ. ಅಂವಾ ಮಾಡಿದ್ದು ತಪ್ಪು ಅಂತ ನನಗ ಒಂದಿನಾನೂ ಅನಿಸಿಲ್ಲ. ಇವತ್ತಂತೂ ಭಾಳ ಚಲೋ ಮಾಡಿದ ಅನಿಸಾಕತ್ತೈತಿ.

ಇದೆಲ್ಲಾ ಶ್ರೀನಿವಾಸ ಮಾಸ್ತರ ಕಾರಭಾರ. ಮುದ್ದೇಬಿಹಾಳದಾಗ ಸಾಲಿ ಕಲಿಸಿ ರಿಟೈರ್ ಆದವರು. ಮನ್ಯಾಗ ಮರಾಠಿ, ಹೊರಗ ಕನ್ನಡ, ಎರಡರಾಗೂ ಮಾತು ಮುಗಸಂಗಿಲ್ಲ. ಹೋದ ದಸರಾಕ್ಕ ಬೈಪಾಸ್ ಚಾಲೂ ಆತು. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕ ಹೋಗೂ ಲಾರಿ, ಬಸ್ಸು, ಕಾರು ಎಲ್ಲಾ ಆ ಕಡೆ ತಿರುಗಿದ್ವು. ನಮ್ಮ ಬನ್ನಿಗಿಡದ ಕ್ರಾಸಿನಾಗ ಹನ್ನೊಂದು ಅಂಗಡಿ ಇದ್ವು, ಈಗ ಏಳು ಉಳದಾವ. ಅದಕ್ಕ ಮಾಸ್ತರು ಒಂದು ಪ್ರವಾಸೋದ್ಯಮ ಸಮಿತಿ ಕಟ್ಯಾರ.

ವಿಜಾಪುರದ ಒಂದು ಕಂಪನಿ ರವಿವಾರಕ್ಕೊಮ್ಮೆ ಪ್ರವಾಸಿಗರ ಬಸ್ಸು ಬಿಡತೈತಂತ. ಮುಂಜಾನಿ ಬಾಗೇವಾಡಿ ಬಸವಣ್ಣನ ಗುಡಿ, ಸಂಜಿಗೆ ಆಲಮಟ್ಟಿ ತೋಟ. ನಡುವ ಮಧ್ಯಾಹ್ನದ ಊಟಕ್ಕ ಎಲ್ಲಿ ನಿಂದರಸೂದು ಅನ್ನೂದು ಇನ್ನೂ ನಿಕ್ಕಿ ಆಗಿಲ್ಲ. ನಮ್ಮಲ್ಲೇ ನಿಂತರ ಹಿನ್ನೀರು ನೋಡಬಹುದು, ಹಕ್ಕಿ ನೋಡಬಹುದು, ನನ್ನ ಖಾನಾವಳ್ಯಾಗ ಊಟಾ ಮಾಡಬಹುದು. ಬಸ್ಸು ನಿಂತರ ಏಳೂ ಅಂಗಡಿ ಬದಕತಾವ. ನಿಲ್ಲಲಿಲ್ಲಂದ್ರ ಯುಗಾದಿ ಹೊತ್ತಿಗೆ ನಾನೂ ಬೀಗ ಹಾಕೂದ.

ಅಂಗಡಿಗೊಂದು ಬುಕ್ಕು ಹಂಚ್ಯಾರ ಮಾಸ್ತರು. ದಿನಾ ಯಾರ ಬಂದ್ರು, ಏನ ಕೇಳಿದ್ರು, ಏನ ತಿಂದ್ರು, ಬರಿಬೇಕಂತ. ಬರೀತೇನಿ ತಗೋರಿ. ಇವತ್ತ ಬಂದವರು ಒಬ್ಬರು. ಕೇಳಿದ್ದು, ಪಂಚರ ಎಲ್ಲಿ ತಗೀತಾರ. ತಿಂದದ್ದು, ಏನೂ ಇಲ್ಲ.

ಮಾಸ್ತರಿಗೆ ಬೇಕಾದ್ದನ್ನ ನನ್ನ ಸೊಸಿ ಸುವರ್ಣಾ ಬ್ಯಾರೆ ಹಾಳಿ ಮ್ಯಾಲ ಬರದು ಕೊಡಲಿ. ಈ ಬುಕ್ಕು ನನಗಿರಲಿ. ಹೊಟ್ಟ್ಯಾಗಿಂದು ಹೊರಗ ಹಾಕಾಕ ಒಂದು ಜಾಗಾ ಆತು. ಯಾರರ ತಗದು ಓದಿದ್ರ ಕಾಲ ಮುರೀತೇನಿ.

೮ ಜನೇವರಿ, ಬುಧವಾರ

ರಸ್ತೆ ಆ ಕಡೆ ಮೀನದಾಕಿ ಹನ್ನೊಂದು ಹೊಡಿಯೂದ್ರಾಗ ಬಾಣಲಿ ಇಡತಾಳ. ಗಾಳಿ ಹಿನ್ನೀರಿನ ಕಡಿಂದ ಬೀಸತೈತಿ, ವಾಸನಿ ನೆಟ್ಟಗ ನನ್ನ ಬಾಗಲಾಗ. ಗಿರಾಕಿ ಮುಂದ ತಾಟಿನಾಗ ಪುಂಡಿಪಲ್ಯಾ, ಮೂಗಿನಾಗ ಮೀನ. ಆಕಿ ಗಂಡ ಅಮೀನುದ್ದೀನ ಹಿನ್ನೀರಿನಾಗ ಬಲಿ ಹಾಕತಾನ, ಆಕಿ ಕರದು ಮಾರತಾಳ. ಬಂದು ಎಂಟು ವರ್ಷ ಆತು. ಎಂಟು ವರ್ಷದಾಗ ನಾವಿಬ್ಬರು ಆಡಿದ್ದು ಹತ್ತು ಮಾತು ಆಗಬಹುದು. ಅದರಾಗ ಒಂಬತ್ತು ನಾ ಬೈದದ್ದು.

ಇವತ್ತ ಸಮಿತಿ ಸಭಾ ಇತ್ತು. ನಾ ಎದ್ದು ನಿಂತು ಹೇಳಿದೆ, ಬಸವಣ್ಣನ ದರ್ಶನಾ ಮಾಡಿ ಬಂದ ಮಂದಿ ಮೀನದ ವಾಸನಿಗೆ ಬಸ್ಸಿನಿಂದ ಕೆಳಗ ಇಳಿಯಂಗಿಲ್ಲ, ಆ ಅಂಗಡಿ ಸೇತುವಿ ದಾಟಸ್ರಿ ಅಂತ. ಬರದು ಕೊಡ್ರಿ ಅಂದ್ರು ಮಾಸ್ತರು. ಸುವರ್ಣಾ ತಾ ಬರಿಯಂಗಿಲ್ಲ ಅಂದ್ಲು. ನಾನ ಬರದೆ. ನಾಲ್ಕು ಸಾಲಿಗೆ ಅರ್ಧ ತಾಸು ಹಿಡೀತು. ಸಹಿ ಮಾಡಿ ಕೊಟ್ಟೆ.

ಮೀನದಾಕಿ ಹಿಂದಿನ ಸಾಲಿನಾಗ ಕುಂತಿದ್ಲು. ಸೆರಗ ಸರಿ ಮಾಡಿಕೊಂಡು ಎದ್ದು ಹೋದ್ಲು.

ಮನಿಗೆ ಬರೂಮುಂದ ಸುವರ್ಣಾಗ ದಾರಿ ತುಂಬ ಬೈದೆ.

೧೯ ಜನೇವರಿ, ರವಿವಾರ

ಪ್ರವಾಸಿಗರ ಜೋಡಿ ಹ್ಯಾಂಗ ನಡಕೋಬೇಕು ಅಂತ ಕಲಸಾಕ ಬಸ್ ಕಂಪನಿಯವರು ಒಬ್ಬ ಹುಡಿಗಿನ್ನ ಕಳಸಿದ್ರು, ರಂಜನಾ ಅಂತ. ಬಾಗಲಕ್ಕ ಬಂದವರಿಗೆ ಮೊದಲ ನಗು, ಆಮ್ಯಾಲ ನಮಸ್ಕಾರ, ಆಮ್ಯಾಲ ನೀರು. ಹಂಗಂತ ಕಲಿಸಿದ್ಲು. ನಾ ಹೇಳಿದೆ, ಮೊದಲ ನೀರ ಕೊಡವಾ, ಬಿಸಲಾಗ ಬಂದವರು ನಮ್ಮ ಹಲ್ಲ ನೋಡಿ ಏನ ಮಾಡತಾರ.

ಎಲ್ಲಾರಿಗೂ ಸಣ್ಣ ಕನ್ನಡಿ ಕೊಟ್ಟು ನಗಸಿದ್ಲು. ನನ್ನ ಪಾಳಿ ಬಂತು. ನಕ್ಕೆ. ಆ ಹುಡಿಗಿ ನನ್ನ ಮುಖ ಒಂದು ಗಳಿಗಿ ನೋಡಿ, ಸಾಕ್ರಿ ಅವ್ವಾರ, ನೀವು ನೀರ ಕೊಡ್ರಿ ಅಂದ್ಲು.

ಎಲ್ಲಾರೂ ನಕ್ರು. ಮೀನದಾಕಿ ಸೆರಗ ಬಾಯಿಗೆ ಹಿಡಕೊಂಡು ನಕ್ಳು. ನಾ ನೋಡೇನಿ.

೨೦ ಜನೇವರಿ, ಸೋಮವಾರ

ಯಾರೂ ಬಂದಿಲ್ಲ.

೮ ಫೆಬ್ರುವರಿ, ಶನಿವಾರ

ನಾಳೆ ಬಸ್ಸು ಬರತೈತಿ, ಪರೀಕ್ಷಾಕ್ಕಂತ. ಚಲೋ ಅನಿಸಿದ್ರ ಮುಂದ ಖಾಯಂ.

ಸುವರ್ಣಾ ಎಂಟ ದಿನದಿಂದ ನಿದ್ದಿಗೆಟ್ಟು ಗ್ವಾಡಿಗೆ ಸುಣ್ಣಾ ಹಚ್ಚಿ, ಡಬರಿ ತಿಕ್ಕಿ, ಶೇಂಗಾ ಹಿಂಡಿ ಕುಟ್ಟಿ ಇಟ್ಟಾಳ. ಆಕಿಗೆ ಹೇಳಂಗಿಲ್ಲ, ಹೇಳಿದ್ರ ತಲಿ ಮ್ಯಾಲ ಕೂಡತಾಳ, ಆದ್ರ ಆಕಿ ಇರಲಿಲ್ಲಂದ್ರ ಈ ಖಾನಾವಳಿ ನಮ್ಮ ಯಜಮಾನರು ತೀರಿಕೊಂಡ ವರ್ಷಾನ ಮುಚ್ಚಿ ಹೋಗತಿತ್ತು.

ಬಂದವರನ್ನ ಹಂಗ ಒಣಾ ಕರಕೋಬಾರದು. ಬೀಗರು ಬರಲಿ, ಸ್ವಾಮಿಗಳು ಬರಲಿ, ನಮ್ಮ ಕಡೆ ಬಾರಿಸಿಕೋತ ಕರಕೊಂಡು ಬರೂದು ಪದ್ಧತಿ. ಇಂಗಳೇಶ್ವರದಿಂದ ಎಂಟು ಹಲಗಿ, ಎರಡು ಡೊಳ್ಳು ಹೇಳಿ ಬಂದೇನಿ. ಸಂಜಿಗೆ ಅಮೀನುದ್ದೀನ ಬಂದು ಬಾಗಲಾಗ ನಿಂತ. ಬಾರಸಬ್ಯಾಡ್ರಿ ಅವ್ವಾರ, ದಂಡಿ ಮ್ಯಾಲ ಹಕ್ಕಿ ಕುಂತಾವ, ಹೆದರತಾವ ಅಂದ. ಹಕ್ಕಿಗೆ ಹೆದರಿ ಬಂದವರ ಮಾನಾ ಕಳೀಲೇನು ಅಂತ ಕೇಳಿದೆ. ಸುಮ್ಮನ ಹೋದ. ಗಂಡ ಹೆಂಡತಿ ಇಬ್ಬರಿಗೂ ಮಾತಿಗೆ ಮಾತು ಕೊಡೂ ಚಟಾ ಇಲ್ಲ, ಅದಕ್ಕ ನನಗ ಸಿಟ್ಟು ಬರತೈತಿ.

೯ ಫೆಬ್ರುವರಿ, ರವಿವಾರ

ಇವತ್ತ ಭಾಳ ಬರಿಯೂದೈತಿ.

ಬಸ್ಸು ಹನ್ನೆರಡೂವರಿಗೆ ಬಂತು. ಮೂವತ್ತೆಂಟು ಮಂದಿ, ಕೊರಳಾಗ ಗೇಣುದ್ದ ಮೂತಿ ಇದ್ದ ಕ್ಯಾಮೆರಾ. ಹಿನ್ನೀರಿನ ದಂಡಿಗೆ ರಾಜಹಂಸ ಕುಂತಿದ್ವು, ಧೋತರ ಒಗದು ಸಾಲಾಗಿ ಒಣಹಾಕಿದಂಗ. ಬಸ್ಸಿನ ಬಾಗಲ ತಗದ್ರು, ಇಂಗಳೇಶ್ವರದವರು ಹಲಗಿ ಎತ್ತಿದ್ರು.

ಒಮ್ಮಿಗೇ ಎದ್ವು. ರೆಕ್ಕಿ ಒಳಗ ಅಷ್ಟು ಕೆಂಪ ಇರತೈತಿ ಅಂತ ನನಗ ಗೊತ್ತಿರಲಿಲ್ಲ. ನಲವತ್ತು ವರ್ಷ ಈ ರಸ್ತೆ ಮ್ಯಾಲ ಕುಂತೇನಿ. ಹುಬ್ಬಿಗೆ ಕೈ ಹಚ್ಚಿ ನೋಡಿದ್ದೆಲ್ಲಾ ಬಸ್ಸು ಬಂತೇನು ಅಂತ. ಅರ್ಧ ಆಕಾಶಕ್ಕ ಕುಂಕುಮ ಉಗ್ಗಿದಂಗ ಆತು, ನೋಡ ನೋಡೂದ್ರಾಗ ಖಾಲಿ ಆತು. ಮಂದಿ ಬಾಯಿ ತಗದು ಮ್ಯಾಲ ನೋಡಿಕೋತ ನಿಂತ್ರು. ಬಾರಸೂವರು ಇವರಿಗೆ ಖುಷಿ ಆಗೇತಿ ಅಂತ ತಿಳದು ಇನ್ನೂ ಜೋರ ಬಡದ್ರು.

ಕಂಪನಿ ಮ್ಯಾನೇಜರ ಸಂಜೀವಕುಮಾರ ಅಂತ, ಮೂವತ್ತೈದರ ಆಸುಪಾಸಿನಾಂವ. ನನ್ನ ಕಡೆ ತಿರುಗಿ ಹಕ್ಕಿ ಎಲ್ರಿ ಅಂತ ಕೇಳಿದ. ಹ್ವಾದ್ವು ಅಂದೆ. ಮತ್ತೇನ ಹೇಳಲಿ. ಮಾಸ್ತರ ಮುಖಾ ಸುಟ್ಟ ಬದ್ನಿಕಾಯಿ ಆಗಿತ್ತು. ಒಬ್ಬಾಕಿ, ಇದಕ್ಕಾಗಿ ನಾವು ಐದಕ್ಕ ಎದ್ದು ಬಂದೇವೇನು ಅಂತ ಗಂಡಗ ಅನ್ನಾಕತ್ತಿದ್ಲು.

ಆವಾಗ ಅಮೀನುದ್ದೀನ ಬಲಿ ಕೆಳಗಿಟ್ಟು ಬಂದ. ಹಳ್ಳದ ಬಾಯಾಗ ಇಳದಾವ್ರಿ, ಅರ್ಧ ತಾಸು ನಡದ್ರ ತೋರಸತೇನಿ, ಮಾತಾಡಬಾರದು ಅಷ್ಟ ಅಂದ. ಇಪ್ಪತ್ತೈದು ಮಂದಿ ಅವನ ಹಿಂದ ಜ್ವಾಳದ ಹೊಲದಾಗ ಹೋದ್ರು. ಎರಡೂವರಿಗೆ ತಿರುಗಿ ಬಂದ್ರು. ದರ್ಶನಾ ಆದವರ ಮುಖ ಇರತೈತಲ್ಲ, ಹಂಗಿದ್ವು. ಹಸದಿದ್ರು ಬ್ಯಾರೆ. ನೂರಾ ನಲವತ್ತು ರೊಟ್ಟಿ ಖರ್ಚಾದ್ವು. ಬದ್ನಿಕಾಯಿ ಬೋಗಾಣಿ ಬರಿದಾತು.

ಹದಿನಾರು ಮಂದಿ ನನ್ನ ರೊಟ್ಟಿ ಕೈಯಾಗ ಹಿಡಕೊಂಡು ರಸ್ತೆ ದಾಟಿ ಹೋಗಿ ಮೀನದ ಜೋಡಿ ತಿಂದ್ರು. ನನ್ನ ರೊಟ್ಟಿ. ನೋಡಲಾರದ ಒಳಗ ಹೋದೆ.

ಆದ್ರ ಇದೊಂದು ಖರೇ ಬರೀಬೇಕು. ಅಮೀನುದ್ದೀನ ಇರಲಿಲ್ಲಂದ್ರ ಇವತ್ತ ಬಸ್ಸು ಹಂಗ ತಿರುಗಿ ಹೋಗತಿತ್ತು. ಹಲಗಿ ಕರಸಿದಾಕಿ ನಾನು. ಅಂವಾ ನಿನ್ನೆ ಹೇಳಿದ್ದೆ ಅಂತ ಒಬ್ಬರ ಮುಂದೂ ಎತ್ತಿ ಆಡಲಿಲ್ಲ. ನೀರ ಕುಡದು, ಬಲಿ ಹೆಗಲಿಗೆ ಹಾಕಿಕೊಂಡು ಹೋದ. ಸುವರ್ಣಾ ಕೈಯಾಗ ಅವರ ಮನಿಗೆ ಹತ್ತು ರೊಟ್ಟಿ ಕಳಸಿದೆ. ಉಳದಿದ್ವು, ಅದಕ್ಕ.

೧೧ ಫೆಬ್ರುವರಿ, ಮಂಗಳವಾರ

ಸಂಜೀವಕುಮಾರ ಮಾಸ್ತರಿಗೆ ಫೋನ್ ಮಾಡಿದ್ನಂತ. ಊಟ ಮನಿ ಊಟದಂಗ ಐತಿ, ಹಕ್ಕಿದು ಭರೋಸಾ ಇಲ್ಲ. ಇನ್ನೆರಡು ರವಿವಾರ ಬಂದು ನೋಡತೇವಿ ಅಂದಾನಂತ. ಮಾರ್ಚ್ ಎರಡು, ಮಾರ್ಚ್ ಹದಿನಾರು. ಬೈಪಾಸ್ ಮ್ಯಾಲಿನ ಒಂದು ಧಾಬಾದವರೂ ಬೆನ್ನ ಹತ್ಯಾರಂತ.

ಇಂಗಳೇಶ್ವರಕ್ಕ ಹೇಳಿ ಕಳಸಿದೆ, ಹಲಗಿ ಬ್ಯಾಡ ಅಂತ.

೨೬ ಫೆಬ್ರುವರಿ, ಬುಧವಾರ

ಶಿವರಾತ್ರಿ. ಉಪವಾಸ. ಮುಂಜಾನಿ ಖಾನಾವಳಿ ತಗಿಲಿಲ್ಲ. ಸುಮ್ಮನ ಹಿನ್ನೀರಿನ ತನಕ ನಡಕೋತ ಹೋದೆ. ಹಕ್ಕಿ ತಿರುಗಿ ಬಂದಾವ. ತಲಿ ತಳಗ ಮಾಡಿ ಕೆಸರಾಗ ಹುಡಕಿ ಹುಡಕಿ ತಿಂತಾವ. ಒಂದು ತಾಸು ಕುಂತೆ. ಯಾರಿಗೂ ಹೇಳಿಲ್ಲ.

ಮೀನದಾಕಿ ನೀರ ತರಾಕ ಬಂದಿದ್ಲು. ಬಿಸಲಾಗ ಕುಂತೀರಲ್ರಿ ಅಂದ್ಲು. ಹ್ಞೂ ಅಂದೆ. ಹನ್ನೊಂದನೇ ಮಾತು.

೨೮ ಫೆಬ್ರುವರಿ, ಶುಕ್ರವಾರ

ಎಡಗೈಲೆ ಬರದೇನಿ. ಹಿಟ್ಟಿಗೆ ಕುದಿಯೂ ಎಸರ ಹಾಕೂಮುಂದ ಬೋಗಾಣಿ ಜಾರಿತು. ಬಲಗೈ ಮಣಿಕಟ್ಟಿನ ತನಕ ಸುಟ್ಟೈತಿ. ಹದಿನೈದು ದಿನ ನೀರು ತಾಕಸಬಾರದಂತ. ನಾಡಿದ್ದ ಬಸ್ಸು ಬರೂದೈತಿ.

೨ ಮಾರ್ಚ್, ರವಿವಾರ

ಬಸ್ಸು ಬಂತು. ನಲವತ್ತೆರಡು ಮಂದಿ. ಮೀನದಾಕಿ ಮುಬೀನಾ ಬಂದ್ಲು. ರೊಟ್ಟಿ ಆದ್ವು. ಕೈ ಉರೀತೈತಿ, ಸಾಕು.

೯ ಮಾರ್ಚ್, ರವಿವಾರ

ಬೆರಳು ಮಡಚಾಕ ಬರಾಕತ್ತೈತಿ. ಹೋದ ವಾರದ್ದು ಬರೀಲಾರದ ಇದ್ರ ನನಗ ನಿದ್ದಿ ಬರಂಗಿಲ್ಲ.

ಅವತ್ತ ಸುವರ್ಣಾ ನಸುಕಿನಾಗ ಎದ್ದು ಒಬ್ಬಾಕಿನ ಕುಂತಿದ್ಲು. ತಾಸಿಗೆ ಇಪ್ಪತ್ತೈದು ಬಡದ್ರ ಹೆಚ್ಚು, ಪಲ್ಯಾನೂ ಆಕಿನ ಮಾಡಬೇಕು. ಎಂಟಾತು, ಅರವತ್ತು ಸುದ್ದಾ ಆಗಿರಲಿಲ್ಲ. ಪಟಾ ಪಟಾ ಬಡಿಯೂ ಸಪ್ಪಳ ನಿಂತು ಹೋತು. ಹೊಳ್ಳಿ ನೋಡಿದ್ರ, ಹಿಟ್ಟಿನ ಕೈ ತೊಡಿ ಮ್ಯಾಲ ಇಟ್ಟಕೊಂಡು ಅಳಾಕತ್ತಾಳ. ಬೈಯೂದಕ್ಕ ಬಾಯಿ ತಗದೆ.

ಆವಾಗ ಮುಬೀನಾ ರಸ್ತೆ ದಾಟಿ ಬಂದ್ಲು. ತಲಿ ಸ್ನಾನಾ ಮಾಡಿ ಒಗದ ಸೀರಿ ಉಟ್ಟಿದ್ಲು, ಕೂದಲದಾಗ ನೀರ ಇಳೀತಿತ್ತು. ಹೇಳಲಿಲ್ಲ ಕೇಳಲಿಲ್ಲ, ಎರಡನೇ ಒಲಿ ಮುಂದ ಕುಂತು ಹಂಚು ಇಟ್ಲು. ಮೀನ ಮುಟ್ಟಿದ ಕೈ ನನ್ನ ಹಿಟ್ಟಿನಾಗ ಇಡಬ್ಯಾಡ ಅಂದೆ. ಹಂಗ ಅಂದೇನಿ, ಇಲ್ಲ ಅನ್ನೂದಿಲ್ಲ.

ಆಕಿ ಎದ್ದು ಬಂದು ಎರಡೂ ಕೈ ನನ್ನ ಮೂಗಿನ ಮುಂದ ಹಿಡದ್ಲು.

"ಇವತ್ತಿನಿಂದ ರೋಜಾ ಐತ್ರಿ ಅವ್ವಾರ, ಬಾಣಲಿ ಇಟ್ಟೇ ಇಲ್ಲ. ಮೂಸಿ ನೋಡ್ರಿ. ನಾತ ಬಂದ್ರ ಹೋಗತೇನಿ."

ಮೂಸಿದೆ. ಸಾಬಾಣದ ವಾಸನಿ ಇತ್ತು. ಕುಂದರು ಅಂದೆ.

ಆಕಿ ಬಡಿಯೂದು ನೋಡಬೇಕು. ನಾ ಇಷ್ಟು ದಿನಾ ಈ ಸೀಮಿದಾಗ ನನ್ನಂಗ ಬಡಿಯಾಕಿ ಇಲ್ಲ ಅಂತ ತಿಳಕೊಂಡಿದ್ದೆ. ಆಕಿ ರೊಟ್ಟಿ ತಿರುಗಿಸಿದ್ರ ಎಳ್ಳಷ್ಟೂ ಅಂಚು ಸೀಳಂಗಿಲ್ಲ, ಹಂಚಿನ ಮ್ಯಾಲ ಬಿದ್ದ ಕೂಡಲೇ ಬುಗ್ಗಿ ಹಂಗ ಉಬ್ಬತೈತಿ. ಎಲ್ಲಿ ಕಲ್ತಿ ಅಂತ ಕೇಳಿದೆ. ಅಗರಖೇಡ ನಮ್ಮ ತವರಮನಿ ಅಲ್ಲೇನ್ರಿ, ನಮ್ಮಮ್ಮ ದಿನಾ ನೂರು ಬಡೀತಿದ್ಲು ಅಂದ್ಲು. ಎಂಟು ವರ್ಷ ಎದುರಿಗಿದ್ದೂ ಆಕಿ ತವರಮನಿ ಯಾವ ಊರು ಅಂತ ನನಗ ಗೊತ್ತಿರಲಿಲ್ಲ. ಇಂಡಿ ತಾಲೂಕಿನ ಜ್ವಾಳದ ಸೀಮಿಯಾಕಿ. ಅದಕ್ಕ ಕೈ ಅಷ್ಟು ಹಗರ.

ಹತ್ತಾತು, ಹನ್ನೊಂದಾತು. ಒಲಿ ಝಳಾ. ಬೆವರು ಗದ್ದದಿಂದ ತಟ ತಟ ಬೀಳತೈತಿ, ಆಕಿ ಮುಖಾ ಪಕ್ಕಕ್ಕ ತಿರುಗಿಸಿ ತೋಳಿಲೆ ಒರಸತಾಳ, ಹಿಟ್ಟಿಗೆ ಬೀಳಬಾರದಂತ. ಒಂದು ಗುಟುಕು ನೀರರ ಕುಡಿ ಅಂದೆ. ರೋಜಾ ಐತಲ್ರಿ ಅಂದ್ಲು. ನನ್ನ ಒಲಿ ಮುಂದ ಬಿದ್ದು ಸತ್ತರ ನಾಳೆ ನನ್ನ ಹೆಸರು ಬರತೈತಿ, ದೇವರಿಗೆ ನಾ ಹೇಳತೇನಿ ಕುಡಿ ಅಂದೆ. ನಕ್ಳು. ನಿಮ್ಮ ಶಿವರಾತ್ರಿ ದಿನಾ ನಾ ಕುಡಿ ಅಂದ್ರ ಕುಡೀತಿದ್ರೇನು ಅಂತ ಕೇಳಿದ್ಲು. ಎಡಗೈಯಾಗ ಬೀಸಣಿಗಿ ಹಿಡಕೊಂಡು ಆಕಿ ಪಕ್ಕದಾಗ ಕುಂತೆ. ಎರಡು ತಾಸು ಬೀಸಿದೆ. ಮಂದಿ ನನಗ ಧಗೀ ಆಗೇತಿ ಅಂತ ತಿಳಕೊಂಡಿದ್ರು.

ನೂರಾ ಎಂಬತ್ತು ರೊಟ್ಟಿ, ಅದರಾಗ ನೂರಾ ಹತ್ತು ಆಕಿವು. ಉಂಡವರೆಲ್ಲಾ ರೊಟ್ಟಿ ಹೊಗಳಿದ್ರು. ಸಂಜೀವಕುಮಾರನೂ ಹೊಗಳಿದ. ಹೌದ್ರಿ ಅಂದೆ. ಯಾರು ಬಡದದ್ದು ಅಂತ ಹೇಳಲಿಲ್ಲ. ಹೇಳಬೇಕಾಗಿತ್ತು.

ಅವತ್ತಿನಿಂದ ದಿನಾ ಬರತಾಳ. ನಾ ಕರದಿಲ್ಲ. ನಸುಕಿನಾಗ ಬಂದು ಬಡದು, ಹತ್ತಕ್ಕ ಹೋಗತಾಳ.

೧೪ ಮಾರ್ಚ್, ಶುಕ್ರವಾರ

ಹೋಳಿ ಹುಣ್ಣಿವಿ. ಸುವರ್ಣಾ ಕಡಿಂದ ಹೋಳಿಗಿ ಮಾಡಸಿದೆ. ಹೊತ್ತು ಮುಣಗೂದ್ರಾಗ ಮುಬೀನಾನ ಮನಿಗೆ ಹನ್ನೆರಡು ಹೋಳಿಗಿ, ಒಂದು ತಂಬಗಿ ತುಪ್ಪಾ ಕಳಸಿದೆ, ರೋಜಾ ಬಿಡೂ ಹೊತ್ತಿಗೆ ಮುಟ್ಟಲಿ ಅಂತ. ಉಳದಿದ್ವು ಅಂತ ಹೇಳು ಅಂದೆ. ಸುವರ್ಣಾ, ಅತ್ತಿ ನಾವಿನ್ನೂ ಉಂಡ ಇಲ್ಲಲ್ಲ ಅಂದ್ಲು. ಹೇಳಿದಷ್ಟು ಮಾಡು ಅಂದೆ.

ರೋಜಾದಾಗ ಹಗಲೆಲ್ಲಾ ಆ ಕಡೆ ಒಲಿ ಹೊತ್ತಂಗಿಲ್ಲ. ಹನ್ನೊಂದು ಹೊಡದ್ರ ನಾ ಅತ್ತ ನೋಡತೇನಿ. ಹೊಗಿ ಇಲ್ಲ, ಸಪ್ಪಳ ಇಲ್ಲ. ಕ್ರಾಸು ಬಣಾ ಬಣಾ ಅನಸತೈತಿ.

೧೬ ಮಾರ್ಚ್, ರವಿವಾರ

ಮೂರನೇ ಬಸ್ಸು. ಸುದ್ದಿಲ್ಲ ಸಪ್ಪಳಿಲ್ಲ, ಎಲ್ಲಾರಿಗೂ ನೀರು ಕೊಟ್ಟು ಕೂಡ್ರಿಸಿದೆ. ಅಮೀನುದ್ದೀನ ಹತ್ತು ಹತ್ತು ಮಂದಿನ್ನ ಕರಕೊಂಡು ಹೋಗಿ ತೋರಿಸಿದ. ಹಕ್ಕಿ ಒಂದೂ ಎದ್ದಿಲ್ಲ.

ಒಬ್ಬ ವಯಸ್ಸಾದಾಂವ ಹೋಗೂಮುಂದ ನನ್ನ ಎಡಗೈ ಹಿಡಕೊಂಡು, ನಮ್ಮ ಅವ್ವನ ರೊಟ್ಟಿ ಉಂಡಂಗ ಆತ್ರಿ ಅಂದ. ನನ್ನವಲ್ಲರಿ, ಆಕಿವು ಅಂತ ಮುಬೀನಾನ ತೋರಿಸಿದೆ. ಅಂವಾ ಆಕಿಗೂ ಕೈ ಮುಗದ.

೧೮ ಮಾರ್ಚ್, ಮಂಗಳವಾರ

ಮಾಸ್ತರು ಪೇಢೆ ತಗೊಂಡು ಬಂದ್ರು. ಬಸ್ಸು ನಮಗ ಆತು. ಯುಗಾದಿ ದಿನಾ, ಮೂವತ್ತನೇ ತಾರೀಖಿನಿಂದ ಪ್ರತಿ ರವಿವಾರ. ಕಿರಾಣಿ ಅಂಗಡಿ ಶ್ರೀಶೈಲಪ್ಪ ಕುಣದಾಡಿಬಿಟ್ಟ, ಐವತ್ತು ದಾಟ್ಯಾವ ಅವಗ. ನಾ ದೇವರಿಗೆ ದೀಪಾ ಹಚ್ಚಿದೆ.

ಆಮ್ಯಾಲ ಮಾಸ್ತರು ಎರಡನೇ ಹಾಳಿ ತಗದ್ರು. ಕಂಪನಿ ಕರಾರು. ಬಸ್ಸು ನಿಂದ್ರೂ ಜಾಗಾದ ಸುತ್ತ ಮೀನ ಮಾಂಸದ ಅಂಗಡಿ ಇರಬಾರದು. ಮೀನದ ಅಂಗಡಿ ಯುಗಾದಿ ಒಳಗ ಸೇತುವಿ ದಾಟಬೇಕು. ಅದರ ಕೆಳಗ ಆಧಾರ ಅಂತ ಒಂದು ಕಾಗದಾ ಹಚ್ಚ್ಯಾರ. ನನ್ನ ಅಕ್ಷರ. ನಾಲ್ಕು ಸಾಲು. ಕೆಳಗ ನನ್ನ ಸಹಿ.

ಮುಬೀನಾಗ ಇದು ಗೊತ್ತೈತೇನು ಅಂತ ಕೇಳಿದೆ. ಶನಿವಾರನ ನೋಟೀಸು ಕೊಟ್ಟೇವಲ್ಲ ಅಂದ್ರು.

ಶನಿವಾರ. ಹಂಗಾರ ರವಿವಾರ ನಸುಕಿನಾಗ, ನಿನ್ನೆ, ಇವತ್ತ, ಗೊತ್ತಿದ್ದೂ ಬಂದು ರೊಟ್ಟಿ ಬಡದ್ಲು.

ಪೇಢೆ ಬಾಯಾಗ ಇತ್ತು. ಹೊರಗ ಹೋಗಿ ಉಗುಳಿದೆ.

೧೯ ಮಾರ್ಚ್, ಬುಧವಾರ

ನಸುಕಿನಾಗ ಮತ್ತ ಬಂದ್ಲು. ಹಂಚು ಇಡಾಕ ಹೋದ್ಲು, ನಾ ಕಸಗೊಂಡೆ. ನೋಟೀಸು ಬಂದ ಮ್ಯಾಲೂ ಯಾಕ ಬರತಿ ಅಂತ ಕೇಳಿದೆ. ಜೋರ ಮಾಡಿನ ಕೇಳಿದೆ, ನನಗ ಸಣ್ಣ ದನಿ ಬರಂಗಿಲ್ಲ.

"ನಿಮ್ಮ ಕೈ ಇನ್ನೂ ಮಾಯ್ದಿಲ್ಲಲ್ರಿ," ಅಂದ್ಲು.

ಅಷ್ಟ. ಹಂಚು ನನ್ನ ಕೈಯಿಂದ ತಗೊಂಡು ಒಲಿ ಮ್ಯಾಲ ಇಟ್ಲು.

ಸೇತುವಿ ಆ ಕಡೆ ಬರೇ ಜಾಲಿ ಕಂಟಿ, ನಾಯಿ ಸುದ್ದಾ ಹೋಗಂಗಿಲ್ಲ. ಅಲ್ಲಿ ಅಂಗಡಿ ಇಡೂದೂ ಒಂದ, ಮುಚ್ಚೂದೂ ಒಂದ. ಅದು ನನಗ ಜನೇವರಿಯಾಗೂ ಗೊತ್ತಿತ್ತು.

ಸಂಜಿಗೆ ಏಳೂ ಅಂಗಡಿಯವರನ್ನ ಕೂಡಸಿ ಹೇಳಿದೆ, ಆ ಕಾಗದಾ ವಾಪಸ್ ತಗೋತೇನಿ ಅಂತ. ಶ್ರೀಶೈಲಪ್ಪ ಕೆಂಡಾ ಆದ. ಅವಂದು ತಪ್ಪಲ್ಲ, ಐದು ತಿಂಗಳಿಂದ ಗಲ್ಲೆ ಮ್ಯಾಲ ನೊಣಾ ಹೊಡದಾನ.

"ಗುರವ್ವಕ್ಕ, ಬರದಾಕಿ ನೀ, ಅಳಸಾಕಿ ನೀ. ನಡುವ ನಾವ್ಯಾಕ ಸಾಯಬೇಕು?"

ಬಸ್ಸು ಹೋದ್ರ ಅವನ ಮಕ್ಕಳ ಮುಂದ ನಾ ಮುಖ ಎತ್ತಂಗಿಲ್ಲ. ಹೋಗಲಾರದ ಇದ್ರ ಮುಬೀನಾನ ಮುಂದ ಎತ್ತಂಗಿಲ್ಲ. ಅಮೀನುದ್ದೀನ ಹಿಂದಿನ ಸಾಲಿನಾಗ ನಿಂತಿದ್ದ. ನಮ್ಮ ಸಲುವಾಗಿ ಬಸ್ಸು ಕಳಕೋಬ್ಯಾಡ್ರಿ ಅಂದ. ನೀ ಸುಮ್ಮನ ಕೂಡು ಅಂದೆ.

೨೧ ಮಾರ್ಚ್, ಶುಕ್ರವಾರ

ಸುವರ್ಣಾನ್ನ ಕರಕೊಂಡು ಬಾಗೇವಾಡಿಗೆ ಹೋಗಿದ್ದೆ. ಸಂಜೀವಕುಮಾರ ಅಲ್ಲಿಗೆ ಬಂದಾನಂತ ಗೊತ್ತಾತು. ಚಹಾ ತರಸಿದ. ಒಳ್ಳೆ ಹುಡುಗ, ಆದ್ರ ಫೈಲು ಬಿಟ್ಟು ಬ್ಯಾರೆ ಕಡೆ ನೋಡಂಗಿಲ್ಲ. ಗುಡಿಯಿಂದ ಬರೂ ಮಂದಿಗೆ ತ್ರಾಸ ಆಗತೈತಿ ಅಂತ ನೀವ ಬರದು ಕೊಟ್ಟೀರಲ್ರಿ ಅವ್ವಾರ ಅಂದ.

ಮೂರು ಬಸ್ಸು ಬಂದು ಹೋದ್ವು, ನೂರಾ ಇಪ್ಪತ್ತರ ಮ್ಯಾಲ ಮಂದಿ, ಒಬ್ಬರರ ತ್ರಾಸ ಆತು ಅಂದ್ರೇನು ಅಂತ ಕೇಳಿದೆ. ಇಲ್ರಿ ಅಂದ. ಮೊದಲನೇ ಬಸ್ಸಿನಾಗ ಹದಿನಾರು ಮಂದಿ ನನ್ನ ರೊಟ್ಟಿ ಒಯ್ದು ಮೀನದ ಜೋಡಿ ಉಂಡದ್ದು ನೀ ನೋಡಿಲ್ಲೇನು ಅಂದೆ. ನಾನೂ ಅವರಾಗ ಒಬ್ಬರಿ ಅಂದ. ಸುವರ್ಣಾ ನಕ್ಕುಬಿಟ್ಲು.

ಆದ್ರೂ ಬಾಯಿಮಾತು ನಡಿಯಂಗಿಲ್ಲಂತ. ಕಾಗದಾ ಮಾಡಿದ್ದನ್ನ ಕಾಗದಾನ ತಗೀಬೇಕು. ನೀವು ಅಡ್ಡ ಬಂದ್ರ ಮ್ಯಾಲಿನವರು ಧಾಬಾಕ್ಕ ಹೋಗು ಅಂದ್ರೂ ಅನ್ನಬಹುದು, ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಅಂದ. ಸಿಟ್ಟು ಆಗತೇನಿ ಅಂದೆ.

ಬರೂಮುಂದ ಬಸ್ಸಿನಾಗ ಸುವರ್ಣಾ ನನ್ನ ಸುಟ್ಟ ಕೈ ತನ್ನ ತೊಡಿ ಮ್ಯಾಲ ಇಟ್ಟಕೊಂಡು ಕುಂತಿದ್ಲು, ಕುಕ್ಕಿದ್ರ ನೋಯಬಾರದಂತ. ಇಂಥಾಕಿ ನನಗ ಸೊಸಿ ಆಗಿ ಸಿಕ್ಕಾಳ. ಜನೇವರಿಯಾಗ ಆ ಕಾಗದಾ ತಾ ಬರಿಯಂಗಿಲ್ಲ ಅಂದದ್ದಕ್ಕ ಆಕಿಗೆ ಬೈದಿದ್ದೆ. ಇವತ್ತ ಅದನ್ನ ಬಾಯಿ ಬಿಟ್ಟ ಹೇಳಿದೆ, ನಿಂದ ಸರಿ ಇತ್ತು ಅಂತ. ಆಕಿ ಕಿಡಕಿ ಕಡೆ ತಿರುಗಿದ್ಲು.

೨೨ ಮಾರ್ಚ್, ಶನಿವಾರ

ಮಾಸ್ತರು ಚಂದ ಮಾಡಿ ಬರದು ಕೊಡತೇನಿ ಅಂದ್ರು. ಬ್ಯಾಡ ಅಂದೆ. ಮೊದಲ ಇಲ್ಲಿ ಬರದು, ಆಮ್ಯಾಲ ಕಾಗದದ ಮ್ಯಾಲ ಇಳಸತೇನಿ. ಶ್ರೀಶೈಲಪ್ಪ ಮುಂಜಾನಿಯಿಂದ ನನ್ನ ಕಡೆ ನೋಡಿಲ್ಲ.

ಮ್ಯಾನೇಜರ ಸಂಜೀವಕುಮಾರ ಅವರಿಗೆ.

ನಾ ಗುರವ್ವ, ಬನ್ನಿಗಿಡದ ಕ್ರಾಸಿನ ಖಾನಾವಳಿಯಾಕಿ. ಜನೇವರಿ ಎಂಟನೇ ತಾರೀಖಿಗೆ ನಾ ಬರದ ನಾಲ್ಕು ಸಾಲು ವಾಪಸ್ ತಗೊಂಡೇನಿ. ಅವತ್ತ ನನಗ ಬರಿಯಾಕ ಬರತಿತ್ತು, ನೋಡಾಕ ಬರತಿರಲಿಲ್ಲ.

ನಿಮ್ಮ ಮಂದಿ ಹಕ್ಕಿ ನೋಡಿದ್ದು ಅಮೀನುದ್ದೀನನಿಂದ. ಓಡಿಸಿದಾಕಿ ನಾನು. ನಿಮ್ಮ ಮಂದಿ ಹೊಗಳಿದ ರೊಟ್ಟಿ ಬಡದಾಕಿ ಅವನ ಹೆಂಡತಿ ಮುಬೀನಾ. ನನ್ನ ಕೈ ಸುಟ್ಟಾಗ ಆಕಿ ಒಂದು ಹನಿ ನೀರು ಕುಡೀಲಾರದ ನಿಮ್ಮ ನಲವತ್ತೆರಡು ಮಂದಿಗೆ ಊಟಾ ಹಾಕ್ಯಾಳ. ಅವರಿಬ್ಬರನ್ನ ತಗದ್ರ ಈ ಕ್ರಾಸಿನಾಗ ನಿಮಗ ಉಳಿಯೂದು ಒಂದು ಬನ್ನಿಗಿಡ, ಒಬ್ಬಾಕಿ ಸಿಟ್ಟಿನ ಮುದುಕಿ.

ಆಕಿ ಅಂಗಡಿ ಇದ್ದಲ್ಲೇ ಇರತೈತಿ. ವಾಸನಿ ಆಗಲಾರದವರನ್ನ ನಾ ಒಳಗಿನ ಖೋಲ್ಯಾಗ ಕೂಡ್ರಿಸಿ ಬಾಗಲ ಹಾಕತೇನಿ, ಅದು ನನ್ನ ಜವಾಬ್ದಾರಿ. ಬೋರ್ಡಿನ ಮ್ಯಾಲ ಎರಡೂ ಹೆಸರು ಬರೀಬೇಕು, ಗುರವ್ವನ ಖಾನಾವಳಿ, ಮುಬೀನಾನ ಮೀನದ ಅಂಗಡಿ. ಒಂದ ಬರಿಯೂದಿದ್ರ ನಂದು ಬರೀಬ್ಯಾಡ್ರಿ.

ಸಿಟ್ಟು ಬಂದ್ರ ನನ್ನ ಮ್ಯಾಲ ತೀರಿಸಿಕೋರಿ. ನನ್ನ ಬಾಗಲಕ್ಕ ಮಂದಿನ್ನ ಕಳಸಬ್ಯಾಡ್ರಿ, ನಡೀತೈತಿ. ಉಳದ ಅಂಗಡಿಯವರು ಏನೂ ಮಾಡಿಲ್ಲ, ಬಸ್ಸು ಮಾತ್ರ ಅವರ ಸಲುವಾಗಿ ನಿಂದರಸ್ರಿ.

ಮೂವತ್ತಕ್ಕ ಬಸ್ಸು ಅಂತೀರಿ. ನಾ ಜ್ವಾಳ ಬೀಸಸಬೇಕು, ಕಟಗಿ ತರಬೇಕು, ಆಕಿ ಅಂಗಡಿ ಕಿತ್ತಬೇಕೋ ಬ್ಯಾಡೋ ಗೊತ್ತಾಗಬೇಕು. ನೋಡತೇವಿ, ಕೇಳತೇವಿ ಅನ್ನೂದು ಬ್ಯಾಡ. ಇಪ್ಪತ್ತೇಳನೇ ತಾರೀಖು ಗುರುವಾರ ಸಂಜಿ ಐದರೊಳಗ ಹೌದೋ ಅಲ್ಲೋ ಬರದು ತಿಳಸ್ರಿ.